ಓರೆ ನೆಲದಲ್ಲಿ ಎರಡು ಆಕ್ಸಲ್ ಕ್ಯಾರವಾನ್ ಮಟ್ಟ ಮಾಡುವುದು ಹೇಗೆ?

ನಮ್ಮ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಓರೆಯಾಗಿ ನಿಂತಿದೆ ಅಂತ ನನಗೆ ಮೊದಲು ಹೇಳಿದ್ದು ಬೆಣ್ಣೆ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಕಡೆ ನಮ್ಮ ಭಾವನ ಹೊಲ ಇದೆ. ಅಲ್ಲಿ ಗಾಡಿ ನಿಲ್ಲಿಸಿದ ಮೊದಲ ಬೆಳಿಗ್ಗೆ ದೋಸೆ ಹುಯ್ದೆ. ದಾವಣಗೆರೆಯವಳು ನಾನು, ಕಾವಲಿ ಮುಂದೆ ನಿಂತರೆ ಕೈ ತಾನೇ ತಿರುಗುತ್ತದೆ. ಆದರೆ ಹಿಟ್ಟು ದುಂಡಗೆ ನಿಲ್ಲಲಿಲ್ಲ. ಬೆಣ್ಣೆ ಹಾಕಿದರೆ ಅದು ಬಾಗಿಲ ಕಡೆಯ ಅಂಚಿಗೆ ಹರಿದು ಅಲ್ಲೇ ಸೀದಿತು. ದೋಸೆಯ ಒಂದು ಮಗ್ಗುಲು ಬಿಳಿ, ಇನ್ನೊಂದು ಮಗ್ಗುಲು ಕಪ್ಪು. ಅದಕ್ಕೂ ಮುಂಚೆ ರಾತ್ರಿಯೆಲ್ಲ ಅತ್ತೆ ಹಾಸಿಗೆಯಲ್ಲಿ ಗೋಡೆಗೆ ಜಾರಿ ಜಾರಿ ನಿದ್ದೆ ಇಲ್ಲದೆ ಎದ್ದಿದ್ದರು.

ಆಮೇಲೆ ಗಾಡಿ ಮಟ್ಟ ಮಾಡುವುದನ್ನು ಸರಿಯಾಗಿ ಕಲಿತೆವು. ಈಗ ಎಂಥ ಹೊಲಕ್ಕೆ ಹೋದರೂ ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ನಮ್ಮ ಕಡೆಯ ನೆಲ ನೋಡಿಕೊಂಡು, ನಾವು ಮಾಡುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಹೇಳುತ್ತಿರುವುದು ಜೀಪ್ ಅಥವಾ ದೊಡ್ಡ ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಕ್ಯಾರವಾನ್ ಬಗ್ಗೆ. ಅದರಲ್ಲೂ ನಡುವೆ ಎರಡು ಆಕ್ಸಲ್ (ಚಕ್ರದ ಅಚ್ಚು) ಇರುವಂಥದ್ದು. ಅಂದರೆ ಎಡಕ್ಕೆ ಒಂದರ ಹಿಂದೆ ಒಂದು ಎರಡು ಚಕ್ರ, ಬಲಕ್ಕೂ ಹಾಗೇ ಎರಡು. ಮುಂದಕ್ಕೆ ಚಾಚಿದ ಕಬ್ಬಿಣದ ಚೌಕಟ್ಟನ್ನು ನಾವು ಮೂಕಿ ಅಂತಲೇ ಕರೆಯುತ್ತೇವೆ, ಎತ್ತಿನ ಗಾಡಿಯ ಮೂಕಿ ಇದ್ದ ಹಾಗೆ. ಮೂಕಿಯ ತುದಿಯಲ್ಲಿ ಏರಿಸಿ ಇಳಿಸುವ ಒಂದು ಪುಟ್ಟ ಚಕ್ರ ಇರುತ್ತದೆ, ಅದು ಜಾಕಿ ವೀಲ್. ನಾಲ್ಕು ಮೂಲೆಯಲ್ಲಿ ಹ್ಯಾಂಡಲ್ ತಿರುಗಿಸಿ ಇಳಿಸುವ ನಾಲ್ಕು ಕಾಲು ಇರುತ್ತವೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಎತ್ತುವ ಕೆಲಸ ಚಕ್ರದ ಕೆಳಗಿನ ಹಲಗೆಯದು ಮತ್ತು ಜಾಕಿ ವೀಲ್‌ನದು. ಮೂಲೆಯ ಕಾಲುಗಳ ಕೆಲಸ ಅಲುಗಾಡದಂತೆ ಹಿಡಿಯುವುದು ಮಾತ್ರ. ಕಾಲಿನಿಂದ ಗಾಡಿ ಎತ್ತಲು ಹೋದರೆ ಕಾಲು ಬಾಗುತ್ತದೆ, ಇಲ್ಲವೇ ಅದು ಕೂತಿರುವ ಜಾಗದಲ್ಲಿ ಗಾಡಿಯ ನೆಲಹಲಗೆ ಬಿರಿಯುತ್ತದೆ. ನಮ್ಮ ಗಾಡಿಯ ಹಿಂದಿನ ಎಡಗಾಲು ಇವತ್ತಿಗೂ ಸ್ವಲ್ಪ ಸೊಟ್ಟಗಿದೆ, ಇದೇ ಕಾರಣಕ್ಕೆ.

ಒಂದೇ ಚಕ್ರ ಎತ್ತಬೇಡಿ

ಎರಡು ಆಕ್ಸಲ್ ಗಾಡಿಯಲ್ಲಿ ಬಹಳ ಜನ ತಪ್ಪುವುದು ಇಲ್ಲೇ. ನಾವೂ ತಪ್ಪಿದ್ದೆವು. ಬಲಗಡೆ ತಗ್ಗಿದೆ, ಮುಂದಿನ ಬಲಚಕ್ರದ ಕೆಳಗೆ ಒಂದು ಹಲಗೆ ಕೊಟ್ಟೆವು. ಗಾಡಿ ಸ್ವಲ್ಪ ಎದ್ದಿತು. ಸಾಕು ಅಂತ ಮಲಗಿದೆವು. ಬೆಳಿಗ್ಗೆ ಬಗ್ಗಿ ನೋಡಿದರೆ ಹಿಂದಿನ ಬಲಚಕ್ರ ನೆಲವನ್ನು ಬರೀ ಸವರುತ್ತಿತ್ತು, ಕೈಯಲ್ಲಿ ತಳ್ಳಿದರೆ ಟೈರ್ ಅಲುಗುತ್ತಿತ್ತು. ಮುಂದಿನ ಟೈರ್ ಮಾತ್ರ ಕೆಳಗೆ ಚಪ್ಪಟೆಯಾಗಿ, ಪಕ್ಕಕ್ಕೆ ಉಬ್ಬಿ ಕೂತಿತ್ತು.

ಲೆಕ್ಕ ಹಾಕಿ ನೋಡಿ. ಸಾಮಾನು ಸೇರಿ ಗಾಡಿ 1,600 ಕೆ.ಜಿ. ಅಂತ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 90 ಕೆ.ಜಿ. ಮೂಕಿಯ ಮೇಲೆ. ಉಳಿದ 1,510 ಕೆ.ಜಿ. ನಾಲ್ಕು ಟೈರ್‌ಗೆ ಹಂಚಿದರೆ ಒಂದೊಂದಕ್ಕೆ 380 ಕೆ.ಜಿ. ಹತ್ತಿರ. ಒಂದು ಚಕ್ರ ತೇಲಿದರೆ ಅದರ ಪಾಲೂ ಜೊತೆಗಾರನ ಮೇಲೆ ಬಿದ್ದು 750 ದಾಟುತ್ತದೆ. ಈಗ ನಿಮ್ಮ ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿ ನೋಡಿ. ಅಳತೆ ಬರೆದ ಮೇಲೆ ಕೊನೆಗೆ 88 ಅಂತ ಇದ್ದರೆ ಆ ಟೈರ್ ತಡೆಯುವುದು 560 ಕೆ.ಜಿ. 95 ಅಂತ ಇದ್ದರೂ 690 ಕೆ.ಜಿ. ಅಷ್ಟೇ. ರಾತ್ರಿಯಿಡೀ ಆ ಟೈರ್ ಎಷ್ಟು ನೋವು ತಿಂದಿರಬೇಕು, ಅಲ್ವಾ?

ಇದರಲ್ಲೂ ಎರಡು ಬಗೆ ಇದೆ. ಕಮಾನ್ ಪಟ್ಟಿಯ (ಲೀಫ್ ಸ್ಪ್ರಿಂಗ್) ಗಾಡಿಗಳಲ್ಲಿ ಕೆಲವಕ್ಕೆ ಮುಂದಿನ ಪಟ್ಟಿಗೂ ಹಿಂದಿನ ಪಟ್ಟಿಗೂ ನಡುವೆ ತಕ್ಕಡಿಯ ದಂಡಿಯಂತೆ ತೂಗುವ ಒಂದು ಕೊಂಡಿ ಇರುತ್ತದೆ. ಒಂದು ಚಕ್ರ ಎದ್ದರೆ ಅದು ತಿರುಗಿ ಇನ್ನೊಂದನ್ನು ಕೆಳಗೆ ಒತ್ತುತ್ತದೆ, ಭಾರ ಹಂಚಿಕೊಳ್ಳುತ್ತದೆ. ಆದರೆ ಹೊರದೇಶದ ಚಾಸಿ (ಗಾಡಿಯ ತಳದ ಚೌಕಟ್ಟು) ಮೇಲೆ ಕಟ್ಟಿದ ಬಹಳಷ್ಟು ಕ್ಯಾರವಾನ್‌ಗಳಲ್ಲಿ ಆಕ್ಸಲ್ ಕೊಳವೆಯೊಳಗೆ ರಬ್ಬರ್ ತುಂಬಿರುತ್ತದೆ. ಅಲ್ಲಿ ಒಂದೊಂದು ಚಕ್ರವೂ ತನ್ನ ಪಾಡಿಗೆ ತಾನು. ಪಕ್ಕದವನಿಗೆ ಸಹಾಯ ಮಾಡುವುದಿಲ್ಲ. ನಿಮ್ಮದು ಯಾವುದು ಅಂತ ಒಂದು ಸಲ ಕೆಳಗೆ ಬಗ್ಗಿ ನೋಡಿಕೊಳ್ಳಿ. ಯಾವುದೇ ಆಗಲಿ, ತಗ್ಗಿನ ಕಡೆಯ ಎರಡೂ ಚಕ್ರವನ್ನು ಒಟ್ಟಿಗೆ, ಒಂದೇ ಎತ್ತರಕ್ಕೆ ಏರಿಸುವುದೇ ಸರಿ.

ಏನೇನು ಬೇಕು

ಮಾರುಕಟ್ಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಇಳಿಜಾರು ತುಂಡುಗಳು ಹೆಚ್ಚಿನವು ಒಂದೇ ಆಕ್ಸಲ್ ಗಾಡಿಗೆ ಮಾಡಿದವು. ಎರಡು ಆಕ್ಸಲ್ ಗಾಡಿಯಲ್ಲಿ ಟೈರ್‌ಗಳ ನಡುವಿನ ಸಂದು ಚಿಕ್ಕದು, ಎರಡು ತುಂಡು ಇಡಲು ಹೋದರೆ ಒಂದಕ್ಕೊಂದು ತಾಗುತ್ತವೆ. ನನ್ನ ಮಟ್ಟಿಗೆ ಮರದ ಹಲಗೆಯೇ ವಾಸಿ. ಹಳೇ ಮನೆ ಕೆಡವಿದ ಮರ ಮಾರುವ ಅಂಗಡಿಗೆ ಹೋಗಿ, ಗಂಟಿಲ್ಲದ, ಸೀಳಿಲ್ಲದ ಗಟ್ಟಿ ಹಲಗೆ ಆರಿಸಿ. ಹೊನ್ನೆ, ಮತ್ತಿ, ಚೆನ್ನಾಗಿ ಒಣಗಿದ ಬೇವು, ಯಾವುದಾದರೂ ನಡೆಯುತ್ತದೆ. ಅಡಿಕೆ ದಬ್ಬೆ ಬೇಡ, ಉದ್ದುದ್ದ ಸೀಳುತ್ತದೆ.

ನಮ್ಮ ಗಾಡಿಯಲ್ಲಿ ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 32 ಇಂಚು. ಅದಕ್ಕೆ ತಕ್ಕಂತೆ ಮೂರು ಉದ್ದ ಹಲಗೆ ಮಾಡಿಸಿದ್ದೇವೆ: 6 ಅಡಿ, 5 ಅಡಿ, 4 ಅಡಿ. ಮೂರೂ 9 ಇಂಚು ಅಗಲ, ಒಂದೂವರೆ ಇಂಚು ದಪ್ಪ. ಒಂದರ ಮೇಲೊಂದು ನಡುವೆ ಸರಿಯಾಗಿ ಇಟ್ಟರೆ ಎರಡೂ ತುದಿಯಲ್ಲಿ ಅರ್ಧರ್ಧ ಅಡಿಯ ಮೆಟ್ಟಿಲು ಬರುತ್ತದೆ. ಚಕ್ರ ಒಂದೊಂದೇ ಮೆಟ್ಟಿಲು ಹತ್ತುತ್ತದೆ. ಮೇಲಿನ 4 ಅಡಿಯ ಹಲಗೆಯಲ್ಲಿ ಎರಡೂ ಚಕ್ರ ಕೂತ ಮೇಲೂ ಹಿಂದೆ ಮುಂದೆ 8 ಇಂಚು ಮಿಗುತ್ತದೆ. ಮೂರೂ ಸೇರಿ ಹತ್ತಿರ ಹತ್ತಿರ 30 ಕೆ.ಜಿ. ತೂಗುತ್ತವೆ. ಹಾಗಾಗಿ ಪ್ರಯಾಣದಲ್ಲಿ ಅವನ್ನು ಆಕ್ಸಲ್ ಮೇಲೆ ಬರುವಂತೆ ಗಾಡಿಯೊಳಗೆ ನೆಲದಲ್ಲೇ ಮಲಗಿಸಿ ಕಟ್ಟುತ್ತೇವೆ.

ಇವಲ್ಲದೆ ಒಂದಡಿ ಚೌಕದ ಐದು ತುಂಡು ಬೇಕು. ನಾಲ್ಕು ಕಾಲಿಗೆ ನಾಲ್ಕು, ಜಾಕಿ ವೀಲ್‌ಗೆ ಒಂದು. ಜಾಕ್ ಕೆಳಗೆ ಇಡಲು ಒಂದು ದಪ್ಪ ದಿಮ್ಮಿ. ಚಕ್ರ ಉರುಳದಂತೆ ಕೊಡಲು ನಾಲ್ಕು ಬೆಣೆ. ದಾರಿಬದಿಯ ಕಲ್ಲು ಕೊಟ್ಟರೆ ಸಾಕು ಅಂತ ಲಾರಿಯವರು ಹೇಳಬಹುದು. ದುಂಡುಗಲ್ಲು ಜಾರುತ್ತದೆ. ಮರದಲ್ಲಿ ಓರೆಯಾಗಿ ಕೊಯ್ಸಿದ ಬೆಣೆ ಚಕ್ರಕ್ಕೆ ಕಚ್ಚಿಕೊಂಡು ಕೂರುತ್ತದೆ. ಇಟ್ಟಿಗೆ, ಹಾಲೋ ಬ್ಲಾಕ್, ಕಡಪ ಕಲ್ಲಿನ ಚಪ್ಪಡಿ, ಇವನ್ನು ಯಾವ ಕಾರಣಕ್ಕೂ ಚಕ್ರದ ಕೆಳಗೆ ಇಡಬೇಡಿ. ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಅಳೆಯಲು ರಸಮಟ್ಟ (ಗಾಜಿನೊಳಗಿನ ಗಾಳಿಗುಳ್ಳೆ ನೋಡಿ ಮಟ್ಟ ತಿಳಿಯುವ ಸಾಧನ), 4 ಅಡಿಯ ಅಲ್ಯೂಮಿನಿಯಂ ಪಟ್ಟಿ, ಒಂದು ಟೇಪು. ಇಷ್ಟು ಸಾಕು.

ಗಾಡಿ ತರುವ ಮೊದಲು ಜಾಗ ನೋಡುವುದು

ಅಪ್ಪ ಗಾರೆ ಕೆಲಸದವರು. ದಾವಣಗೆರೆಯಲ್ಲಿ ನಲವತ್ತು ವರ್ಷ ಗೋಡೆ ಎಬ್ಬಿಸಿದವರು. ಮೊದಲ ಸಲ ನಮ್ಮ ಜೊತೆ ಹೊಲಕ್ಕೆ ಬಂದಾಗ ನಾನು ಕಣ್ಣಲ್ಲೇ ನೋಡಿ "ಇಲ್ಲಿ ಮಟ್ಟ ಇದೆ ಅಪ್ಪಾ" ಅಂದೆ. ಅವರು ಹೇಳಿದ್ದು: "ಕಣ್ಣಳತೆ ನಂಬಬ್ಯಾಡವ್ವ. ಹಿಂದೆ ಗುಡ್ಡ ಓರೆ ಐತಿ, ನಿನ್ ಕಣ್ಣೂ ಅದರ ಜೊತಿಗೆ ಓರೆ ಆಗ್ತತಿ." ಆಮೇಲೆ ಚೀಲದಿಂದ ಪೈಪ್ ತೆಗೆದರು.

ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪ್ ನೀವು ನೋಡಿರುತ್ತೀರಿ. ಒಳಗಿನ ನೀರು ಕಾಣುವ ತೆಳು ಪೈಪ್. ಗಾಡಿಯ ಎಡ ಚಕ್ರ ಬರುವ ಕಡೆ ಒಂದು ಕೋಲು, ಬಲ ಚಕ್ರ ಬರುವ ಕಡೆ ಒಂದು ಕೋಲು ನೆಡಿ. ಪೈಪಿನ ಎರಡೂ ತುದಿಯನ್ನು ಎರಡು ಕೋಲಿಗೆ ಹಿಡಿಯಿರಿ. ನೀರು ಅಲುಗಾಟ ನಿಲ್ಲಿಸಿದಾಗ ಎರಡೂ ಕಡೆ ಒಂದೇ ಮಟ್ಟದಲ್ಲಿರುತ್ತದೆ. ಅಲ್ಲಿಂದ ನೆಲಕ್ಕೆ ಟೇಪ್ ಹಿಡಿಯಿರಿ. ಎಡಕ್ಕೆ 30 ಇಂಚು, ಬಲಕ್ಕೆ 33 ಇಂಚು ಬಂದರೆ ಬಲಗಡೆ 3 ಇಂಚು ತಗ್ಗು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಹಾಗಾಗಿ ನೀರು ತುಂಬಿದ ಮೇಲೆ ಬೆರಳಲ್ಲಿ ತಟ್ಟಿ ಗುಳ್ಳೆ ಬಿಡಿಸಿ. ಚಿಟಿಕೆ ಅರಿಶಿನ ಹಾಕಿದರೆ ನೀರಿನ ಗೆರೆ ಬಿಸಿಲಲ್ಲೂ ಚೆನ್ನಾಗಿ ಕಾಣುತ್ತದೆ.

ಈ ಕೆಲಸಕ್ಕೆ ಐದು ನಿಮಿಷ. ನಾಲ್ಕು ಹೆಜ್ಜೆ ಆಚೆ ಇನ್ನೂ ಒಳ್ಳೇ ಜಾಗ ಇದ್ದರೆ ಇದರಲ್ಲೇ ಗೊತ್ತಾಗುತ್ತದೆ. ಅಡ್ಡಡ್ಡ 4 ಇಂಚಿಗಿಂತ ಜಾಸ್ತಿ ತಗ್ಗಿದ್ದರೆ ನಾವು ಆ ಜಾಗವನ್ನೇ ಬಿಡುತ್ತೇವೆ.

ಇನ್ನು ಮಣ್ಣು. ನಮ್ಮ ಎರಡೂ ಜಿಲ್ಲೆಯಲ್ಲಿ ಒಂದು ಹೊಲ ಕೆಂಪು ಮಣ್ಣಾದರೆ ಪಕ್ಕದ್ದು ಎರೆ ಇರಬಹುದು. ಕೆಂಪು ಮಣ್ಣು, ಮೊರಂ ಇದ್ದ ಕಡೆ ನೆಲ ಮೋಸ ಮಾಡುವುದು ಕಡಿಮೆ. ಎರೆ ಮಣ್ಣಿನ ಮಾತೇ ಬೇರೆ. ಒಣಗಿದಾಗ ಕಬ್ಬಿಣದಂತೆ ಗಟ್ಟಿ, ಕೈ ತೂರುವಷ್ಟು ಬಿರುಕು. ಒಂದು ಮಳೆ ಬಿದ್ದರೆ ಉಬ್ಬುತ್ತದೆ, ಮೆತ್ತಗಾಗುತ್ತದೆ, ಚಕ್ರ ನುಂಗುತ್ತದೆ. ಸಂಜೆ ಮಟ್ಟ ಮಾಡಿ ಮಲಗಿದ ಗಾಡಿ ಬೆಳಿಗ್ಗೆ ಒಂದು ಕಡೆ ವಾಲಿರುತ್ತದೆ. ಎರೆ ಹೊಲದಲ್ಲಿ ನಿಲ್ಲಿಸಲೇಬೇಕಾದರೆ ಎತ್ತರದ ಕಡೆಯ ಚಕ್ರದ ಕೆಳಗೂ ಹಲಗೆ ಹಾಸಿ, ಆಗ ಎರಡೂ ಕಡೆ ಒಂದೇ ಥರ ಇಳಿಯುತ್ತದೆ. ಅದಕ್ಕೆ ಇನ್ನೊಂದು 6 ಅಡಿ ಹಲಗೆ ಬೇಕಾಗುತ್ತದೆ. ಆ ಕಡೆ ಏರಿಸಿದ ದಪ್ಪದಷ್ಟನ್ನು ತಗ್ಗಿನ ಕಡೆಗೂ ಸೇರಿಸಬೇಕು ಅನ್ನುವುದು ನೆನಪಿರಲಿ. ಭದ್ರಾ ಕಾಲುವೆ ಬಯಲಿನ ಗದ್ದೆ ಬದಿಗೆ, ಸೂಳೆಕೆರೆ, ವಾಣಿವಿಲಾಸ ಸಾಗರದ ಅಂಚಿನ ಹಸಿರು ನೆಲಕ್ಕೆ ಮರುಳಾಗಬೇಡಿ. ಹಿಮ್ಮಡಿಯಿಂದ ಗಟ್ಟಿಯಾಗಿ ಒತ್ತಿ ನೋಡಿ. ಗುಳಿ ಬಿದ್ದು ನೀರು ಒಸರಿದರೆ ಗಾಡಿ ಅಲ್ಲಿಗೆ ಬೇಡ.

ಅಡ್ಡ ಮಟ್ಟ

ಮೊದಲು ಅಡ್ಡ, ಅಂದರೆ ಎಡ-ಬಲ; ಆಮೇಲೆ ಉದ್ದ, ಅಂದರೆ ಹಿಂದೆ-ಮುಂದೆ. ಈ ಕ್ರಮ ತಪ್ಪಬಾರದು. ಯಾಕೆಂದರೆ ಅಡ್ಡ ಮಟ್ಟ ಮಾಡಲು ಗಾಡಿ ಚಲಿಸಬೇಕು, ಅದಕ್ಕೆ ಜೀಪ್ ಕೊಂಡಿಯಲ್ಲೇ ಇರಬೇಕು.

ನೀರಿನ ಪೈಪ್ ಇಲ್ಲದಿದ್ದರೆ ಹೀಗೆ ಮಾಡಿ. ಗಾಡಿಯನ್ನು ನಿಲ್ಲಿಸುವ ಜಾಗಕ್ಕೆ ತಂದು, ಹ್ಯಾಂಡ್ ಬ್ರೇಕ್ ಹಾಕಿ, ಒಳಗೆ ಹೋಗಿ. ಆಕ್ಸಲ್ ಇರುವ ಕಡೆ ನೆಲದ ಮೇಲೆ 4 ಅಡಿ ಪಟ್ಟಿಯನ್ನು ಅಡ್ಡಲಾಗಿ ಇಡಿ. ಅದರ ಮೇಲೆ ರಸಮಟ್ಟ. ಗುಳ್ಳೆ ಯಾವ ಕಡೆ ಓಡುತ್ತದೋ ಅದು ಎತ್ತರ. ತಗ್ಗಿನ ಕಡೆಯ ಪಟ್ಟಿಯ ತುದಿಯನ್ನು ನಿಧಾನಕ್ಕೆ ಎತ್ತಿ, ಗುಳ್ಳೆ ನಡುವಿಗೆ ಬರಲಿ. ಈಗ ಪಟ್ಟಿಗೂ ನೆಲಕ್ಕೂ ನಡುವೆ ಎಷ್ಟು ಸಂದಿದೆ ಅಂತ ಅಳೆಯಿರಿ. ನಮ್ಮ ಗಾಡಿಯಲ್ಲಿ ಎಡ ಚಕ್ರದಿಂದ ಬಲ ಚಕ್ರಕ್ಕೆ 6 ಅಡಿ. ಪಟ್ಟಿ 4 ಅಡಿ. ಹಾಗಾಗಿ ಸಂದನ್ನು ಒಂದೂವರೆ ಪಟ್ಟು ಮಾಡಬೇಕು. 2 ಇಂಚು ಸಂದಿದ್ದರೆ ಚಕ್ರದ ಕೆಳಗೆ 3 ಇಂಚು, ಅಂದರೆ ಎರಡು ಹಲಗೆ.

ಗಾಡಿಯನ್ನು ಒಂದೆರಡು ಮೀಟರ್ ಮುಂದೆ ತನ್ನಿ. ತಗ್ಗಿನ ಕಡೆಯ ಚಕ್ರಗಳ ಹಿಂದೆ, ಟೈರಿನ ಸಾಲಿಗೆ ಸರಿಯಾಗಿ ಹಲಗೆ ಇಡಿ. ಕೆಳಗೆ ಕಲ್ಲು, ಕೂಳೆ ಇದ್ದರೆ ಮೊದಲು ತೆಗೆಯಿರಿ. ಹಲಗೆ ನಡುವೆ ತೇಲಿಕೊಂಡಿದ್ದರೆ ಭಾರಕ್ಕೆ ಮುರಿಯುತ್ತದೆ, ಮಣ್ಣು ತುಂಬಿ ಒತ್ತಿ. ಚಕ್ರ ಎಲ್ಲಿ ನಿಲ್ಲಬೇಕೋ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ.

ಈಗ ಹಿಂದಕ್ಕೆ, ನೇರವಾಗಿ, ತುಂಬಾ ನಿಧಾನಕ್ಕೆ. ನೇರವಾಗಿ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಎರಡು ಆಕ್ಸಲ್ ಗಾಡಿ ತಿರುಗುವಾಗ ಟೈರ್‌ಗಳು ಉರುಳುವುದಷ್ಟೇ ಅಲ್ಲ, ಪಕ್ಕಕ್ಕೆ ಉಜ್ಜುತ್ತವೆ. ಹಲಗೆ ಮೇಲಿರುವಾಗ ಸ್ಟೇರಿಂಗ್ ತಿರುಗಿಸಿದರೆ ಟೈರ್ ಹಲಗೆಯನ್ನೇ ಪಕ್ಕಕ್ಕೆ ಎಸೆಯುತ್ತದೆ. ತಿರುಗಿಸುವುದೆಲ್ಲ ಹಲಗೆಗೆ ಬರುವ ಮೊದಲೇ ಮುಗಿಯಲಿ. ನಮ್ಮಲ್ಲಿ ಇವರು ಜೀಪ್ ಓಡಿಸುತ್ತಾರೆ, ನಾನು ಪಕ್ಕದಲ್ಲಿ ದೂರ ನಿಂತು ಗೆರೆ ನೋಡುತ್ತೇನೆ. ಗೆರೆಗೆ ಬಂದ ಕೂಡಲೇ ಕೈ ಎತ್ತಿ ನಿಲ್ಲಿಸುತ್ತೇನೆ. ಆ ಹೊತ್ತಿನಲ್ಲಿ ಗಾಡಿ ಒಳಗೆ ಯಾರೂ ಇರಬಾರದು, ಚಕ್ರದ ಹತ್ತಿರ ಮಕ್ಕಳೂ ಬರಬಾರದು.

ಒಳಗೆ ಹೋಗಿ ಮತ್ತೆ ರಸಮಟ್ಟ ನೋಡಿ. ಗುಳ್ಳೆ ಗೆರೆಯನ್ನು ಸ್ವಲ್ಪ ಮುಟ್ಟಿಕೊಂಡಿದ್ದರೂ ಪರವಾಗಿಲ್ಲ. ಕೂದಲೆಳೆಯಷ್ಟು ಮಟ್ಟ ಬೇಕಾಗಿಲ್ಲ. ನಿಮ್ಮ ಬಚ್ಚಲ ತೂಬು ಯಾವ ಕಡೆ ಇದೆಯೋ ಆ ಕಡೆ ಕಾಲಿಂಚು ವಾಟ ಇದ್ದರೆ ಒಳ್ಳೆಯದೇ, ನೀರು ನಿಲ್ಲುವುದಿಲ್ಲ. ಗ್ಯಾಸ್‌ನಲ್ಲಿ ನಡೆಯುವ ಫ್ರಿಜ್ ಇರುವವರು ಮಾತ್ರ ಇನ್ನಷ್ಟು ಎಚ್ಚರ ವಹಿಸಿ. ಅದರೊಳಗೆ ಅಮೋನಿಯ ನೀರು ಪಂಪ್ ಇಲ್ಲದೆ ತನ್ನಷ್ಟಕ್ಕೆ ಹರಿಯಬೇಕು. ಗಾಡಿ ವಾಲಿದರೆ ಹರಿಯುವುದು ನಿಂತು ಫ್ರಿಜ್ ತಣ್ಣಗಾಗುವುದಿಲ್ಲ, ಹಾಗೇ ಬಹಳ ಹೊತ್ತು ಓಡಿದರೆ ಕೆಟ್ಟೇ ಹೋಗುತ್ತದೆ. ಬ್ಯಾಟರಿಯ ಕಂಪ್ರೆಸರ್ ಫ್ರಿಜ್‌ಗೆ ಅಷ್ಟು ಚಿಂತೆ ಇಲ್ಲ.

ಜಾಗ ಇಕ್ಕಟ್ಟಾಗಿ ಹಿಂದೆ ಮುಂದೆ ಹೋಗಲು ಆಗದಿದ್ದರೆ ಜಾಕ್ ಕೊಡಬೇಕಾಗುತ್ತದೆ. ಜೀಪ್ ಕೊಂಡಿಯಲ್ಲೇ ಇರಲಿ. ಎದುರು ಕಡೆಯ ಎರಡೂ ಚಕ್ರಕ್ಕೆ ಬೆಣೆ ಕೊಡಿ. ಜಾಕ್ ಕೆಳಗೆ ದಿಮ್ಮಿ ಇಡಿ, ಜಾಕ್ ಅನ್ನು ಚಾಸಿಯಲ್ಲಿ ಅದಕ್ಕೆಂದೇ ಗುರುತು ಮಾಡಿದ ಜಾಗಕ್ಕೇ ಕೊಡಿ, ಗಾಡಿಯ ನೆಲಹಲಗೆಗೆ ಬೇಡವೇ ಬೇಡ. ಎರಡೂ ಚಕ್ರ ಎದ್ದ ಮೇಲೆ ಹಲಗೆಯನ್ನು ಹೊರಗಿನಿಂದ ಕೋಲಿನಲ್ಲಿ ತಳ್ಳಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈ, ತಲೆ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಕೊಂಡಿ ಬಿಚ್ಚುವುದು, ಉದ್ದ ಮಟ್ಟ

ಕೊಂಡಿ ಬಿಚ್ಚುವ ಮೊದಲು ಹ್ಯಾಂಡ್ ಬ್ರೇಕ್ ಪೂರ್ತಿ ಎಳೆಯಿರಿ. ಬೆಣೆಗಳನ್ನು ಎರಡೂ ದಿಕ್ಕಿಗೆ ಕೊಡಿ: ಮುಂದಿನ ಚಕ್ರದ ಮುಂದೆ, ಹಿಂದಿನ ಚಕ್ರದ ಹಿಂದೆ, ಎರಡೂ ಬದಿಯಲ್ಲಿ. ಬ್ರೇಕ್ ಒಂದನ್ನೇ ನಂಬಬೇಡಿ. ಕೆಲವು ಕ್ಯಾರವಾನ್ ಬ್ರೇಕ್‌ಗಳು ಹಿಂದಕ್ಕೆ ಸ್ವಲ್ಪ ಜರುಗಿದ ಮೇಲೆಯೇ ಬಿಗಿಯುವ ಜಾತಿಯವು. ಆ ಸ್ವಲ್ಪವೇ ಹಲಗೆಯಿಂದ ಕೆಳಗೆ ಬೀಳಲು ಸಾಕು.

ಜಾಕಿ ವೀಲ್ ಕೆಳಗೆ ತುಂಡು ಇಟ್ಟು ಇಳಿಸಿ, ಕೊಂಡಿ ಬಿಡಿಸಿ, ಜೀಪ್ ಮುಂದೆ ತೆಗೆಯಿರಿ. ಈಗ ರಸಮಟ್ಟವನ್ನು ಉದ್ದಕ್ಕೆ ಇಡಿ. ಜಾಕಿ ವೀಲ್ ಹ್ಯಾಂಡಲ್ ತಿರುಗಿಸುತ್ತಾ ಮೂಕಿ ಏರಿಸಿ ಇಲ್ಲವೇ ಇಳಿಸಿ. ಒಬ್ಬರು ಹೊರಗೆ ತಿರುಗಿಸಲಿ, ಇನ್ನೊಬ್ಬರು ಬಾಗಿಲಲ್ಲಿ ನಿಂತು ಒಳಗಿನ ಗುಳ್ಳೆ ನೋಡಲಿ. ಒಳಗೆ ಹೆಜ್ಜೆ ಇಡಬೇಡಿ, ಕಾಲುಗಳು ಇನ್ನೂ ಇಳಿದಿಲ್ಲ. ಎತ್ತಿನ ಗಾಡಿಯಲ್ಲಿ ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳುತ್ತದಲ್ಲ, ಇಲ್ಲೂ ಅದೇ ಕಥೆ.

ಜಾಕಿ ವೀಲ್ ಎಷ್ಟೋ ಅಷ್ಟೇ ಏರುತ್ತದೆ, ಎಷ್ಟೋ ಅಷ್ಟೇ ಇಳಿಯುತ್ತದೆ. ಮುಂದೆ ತಗ್ಗಿದ್ದರೆ ತೊಂದರೆ ಇಲ್ಲ, ಕೆಳಗೆ ಇನ್ನೊಂದು ತುಂಡು ಕೊಟ್ಟರಾಯಿತು. ಮುಂದೆ ಏರು ಇದ್ದರೆ ಮೂಕಿಯನ್ನು ನೆಲದೊಳಗೆ ಇಳಿಸಲು ಆಗುವುದಿಲ್ಲವಲ್ಲ. ಅದಕ್ಕೇ ಇಳಿಜಾರಿನ ಹೊಲದಲ್ಲಿ ನಾವು ಮೊದಲೇ ಗಾಡಿಯನ್ನು ಮೂಕಿ ತಗ್ಗಿನ ಕಡೆಗೆ ಬರುವಂತೆ ತಿರುಗಿಸಿ ನಿಲ್ಲಿಸುತ್ತೇವೆ. ಆಗ ಉರುಳುವ ಭಯವೂ ಮುಂದಕ್ಕೇ ಇರುವುದರಿಂದ ಮುಂದಿನ ಬೆಣೆಗಳನ್ನು ಕಾಲಲ್ಲಿ ಒದ್ದು ಬಿಗಿ ನೋಡಿಕೊಳ್ಳಿ.

ಕೊನೆಗೆ ಕಾಲುಗಳು. ಹಿಂದಿನ ಎರಡು ಮೊದಲು, ಆಮೇಲೆ ಮುಂದಿನ ಎರಡು. ಒಂದೊಂದರ ಕೆಳಗೂ ಒಂದಡಿ ಚೌಕದ ತುಂಡು. ಕಾಲಿನ ಪಾದ 3 ಇಂಚು ಚೌಕ ಇದ್ದರೆ ಈ ತುಂಡಿನಿಂದ ಭಾರ ಹದಿನಾರು ಪಟ್ಟು ಜಾಗಕ್ಕೆ ಹರಡುತ್ತದೆ, ಎರೆ ಮಣ್ಣಲ್ಲಿ ಇದು ದೊಡ್ಡ ಮಾತು. ಪಾದ ತುಂಡಿಗೆ ತಾಗಿದ ಮೇಲೆ ಹ್ಯಾಂಡಲನ್ನು ಇನ್ನೊಂದು ಕಾಲುಭಾಗ ಸುತ್ತು ಬಿಗಿಯಿರಿ, ಸಾಕು. ಗಾಡಿ ಏಳುತ್ತಿದೆ ಅನ್ನಿಸಿದರೆ ನೀವು ಜಾಸ್ತಿ ಬಿಗಿದಿದ್ದೀರಿ, ಬಿಡಿ. ಬಾಗಿಲು ಒಂದು ಸಲ ತೆಗೆದು ಹಾಕಿ ನೋಡಿ. ಚೌಕಟ್ಟಿಗೆ ಉಜ್ಜಿದರೆ ಯಾವುದೋ ಒಂದು ಕಾಲು ಮೂಲೆಯನ್ನು ತಿರುಚುತ್ತಿದೆ ಅಂತ ಅರ್ಥ.

ಆಷಾಢದಲ್ಲಿ ದುರ್ಗದ ಕಡೆ ಬಂದರೆ ಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ಗಾಡಿಯ ಅಗಲವಾದ ಪಕ್ಕ ಗಾಳಿಗೆ ಎದುರಾದರೆ ರಾತ್ರಿಯೆಲ್ಲ ತೂಗುತ್ತದೆ, ತೂಗಿ ತೂಗಿ ಕಾಲಿನ ಬಿಗಿ ಸಡಿಲವಾಗುತ್ತದೆ. ಮೂಕಿಯೋ ಬೆನ್ನೋ ಗಾಳಿಯ ಕಡೆ ಇರಲಿ. ದಿನಾ ಬೆಳಿಗ್ಗೆ, ಮಳೆ ಬಂದ ಮೇಲಂತೂ ತಪ್ಪದೆ, ರಸಮಟ್ಟ ಇಟ್ಟು ನೋಡಿ, ನಾಲ್ಕೂ ಕಾಲು ಮುಟ್ಟಿ ನೋಡಿ.

ಹೊರಡುವಾಗ ಎಲ್ಲವೂ ತಿರುಗುಮುರುಗು. ಮೊದಲು ನಾಲ್ಕೂ ಕಾಲು ಪೂರ್ತಿ ಮೇಲಕ್ಕೆ. ಒಂದು ಕಾಲು ಮರೆತು ಎಳೆದರೆ ಅದು ಬುಡಸಮೇತ ಕಿತ್ತು ಬರುತ್ತದೆ. ಆಮೇಲೆ ಕೊಂಡಿ ಹಾಕಿ, ಜಾಕಿ ವೀಲ್ ಎತ್ತಿ, ಬೆಣೆ ತೆಗೆದು, ಕೊನೆಗೆ ಹ್ಯಾಂಡ್ ಬ್ರೇಕ್ ಬಿಡಿ. ಹಲಗೆಯಿಂದ ನೇರವಾಗಿ ಮುಂದಕ್ಕೆ ಇಳಿಸಿ, ಗಾಡಿ ನಿಲ್ಲಿಸಿ ಹಿಂದಕ್ಕೆ ನಡೆದು ಬನ್ನಿ. ಎರೆ ಮಣ್ಣಲ್ಲಿ ಕೆಳಗಿನ ಹಲಗೆ ಹೂತು ನೆಲದ ಬಣ್ಣವೇ ಆಗಿರುತ್ತದೆ, ಕಾಣುವುದಿಲ್ಲ. ನಾನು ಮಣ್ಣು ಕೆರೆದು ಒಂದೊಂದೇ ಎಣಿಸಿ ಕಟ್ಟುತ್ತೇನೆ: ಉದ್ದ ಹಲಗೆ ಮೂರು, ಚೌಕದ ತುಂಡು ಐದು, ದಿಮ್ಮಿ ಒಂದು, ಬೆಣೆ ನಾಲ್ಕು.